ಮರೆಯದ ಕಾವಲುಗಾರ

ಬಾಗಿಲು ಕಾಯುವ ಕೆಲಸಕ್ಕೆ ನಮ್ಮ ಪುರಾಣಗಳಲ್ಲಿ ಒಳ್ಳೆಯ ಹೆಸರಿಲ್ಲ. ವೈಕುಂಠದ ಬಾಗಿಲಲ್ಲಿ ನಿಂತಿದ್ದ ಜಯ ವಿಜಯರು ಮಾಡಿದ ಅಪರಾಧವಾದರೂ ಏನು? ಅಪ್ಪಣೆಯಿಲ್ಲದೆ ಒಳನುಗ್ಗುತ್ತಿದ್ದ ನಾಲ್ವರು ಹುಡುಗರನ್ನು ತಡೆದರು. ಆ ಹುಡುಗರು ಸನಕಾದಿ ಮುನಿಗಳೆಂದು ಅವರ ಹಣೆಯ ಮೇಲೇನೂ ಬರೆದಿರಲಿಲ್ಲ. ಆದರೂ ಪಾಪ, ಮೂರು ಜನ್ಮ ಹರಿಯ ವೈರಿಗಳಾಗಿ ಹುಟ್ಟಬೇಕಾಯಿತು. ಬಿಡಬಾರದವರನ್ನು ಬಿಟ್ಟ ಕಾವಲುಗಾರನ ಗತಿಯನ್ನಂತೂ ಕೇಳುವುದೇ ಬೇಡ. ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂದು ಜನ ಇಂದಿಗೂ ಆಡಿಕೊಳ್ಳುವುದು ಅವನನ್ನೇ. ತಡೆದರೆ ಶಾಪ, ಬಿಟ್ಟರೆ ಸೂರೆ. ಇಂಥ ಉದ್ಯೋಗ ಕನ್ನಡ ಮೇಷ್ಟರೊಬ್ಬನ ಪಾಲಿಗೆ ಹೇಗೆ ಬಂತೆಂದು ಓದುಗರು ಕೇಳಬಹುದು.

ಕಾಲೇಜುಗಳಲ್ಲಿ ಸಮಿತಿ ರಚಿಸುವಾಗ ವಿಷಯ ತಿಳಿದವರನ್ನು ಸದಸ್ಯರನ್ನಾಗಿಯೂ, ಬಿಡುವಿರುವವರನ್ನು ಸಂಚಾಲಕರನ್ನಾಗಿಯೂ ಮಾಡುವುದು ವಾಡಿಕೆ. ಎರಡು ವರ್ಷದ ಹಿಂದೆ ನಮ್ಮಲ್ಲಿ ಐಚ್ಛಿಕ ಕನ್ನಡಕ್ಕೆ ಸೇರಿದವರು ಏಳೇ ಜನ. ನನಗೆ ಬಿಡುವಿದೆಯೆಂಬುದು ಪ್ರಿನ್ಸಿಪಾಲರಿಗೆ ಅಂಕಿಅಂಶ ಸಮೇತ ಸಿದ್ಧವಾಯಿತು. ಕಾಲೇಜಿಗೂ ಹುಡುಗಿಯರ ಹಾಸ್ಟೆಲಿಗೂ ಹೊಸದಾಗಿ ಇಂಟರ್‌ನೆಟ್ ಸಂಪರ್ಕ ಬಂದಿತ್ತು. ಅದರ ಕಾವಲಿಗೆ ಒಂದು ಯಂತ್ರ ಕೊಂಡಾಗಿತ್ತು. ಅದರ ಮೇಲ್ವಿಚಾರಣೆಯ ಸಮಿತಿಗೆ ನಾನು ಸಂಚಾಲಕನಾದೆ. ವಿದ್ಯೆಯೆಲ್ಲ ಗಣಕ ವಿಭಾಗದ ತರುಣ ಉಪನ್ಯಾಸಕರೊಬ್ಬರದು. ಸಹಿ ಮಾತ್ರ ನನ್ನದು.

ಪೆಟ್ಟಿಗೆ ಬಂತು. ದೊಡ್ಡ ನಿಘಂಟೊಂದರಷ್ಟು ಗಾತ್ರ. ಇಂಗ್ಲಿಷಿನಲ್ಲಿ ಇದಕ್ಕೆ ಗೇಟ್‌ವೇ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೆಬ್ಬಾಗಿಲು. ಒಳಗಿನ ಗಣಕಗಳೂ ಫೋನುಗಳೂ ಹೊರಲೋಕದೊಡನೆ ಆಡುವ ಮಾತೆಲ್ಲ ಇದರ ಮೂಲಕವೇ ಹಾದುಹೋಗಬೇಕು. ಹಿಂದೆ ಇಂಥ ಯಂತ್ರದ ಮುಂದೆಯೇ ಕುಳಿತು, ಗೂಢಲಿಪಿಯಂಥ ಅಕ್ಷರಗಳಲ್ಲಿ ಅಪ್ಪಣೆ ಬರೆಯಬೇಕಾಗಿತ್ತಂತೆ. ನಮ್ಮದು ಹಾಗಲ್ಲ, ಇದು ಮೇಘದ ಆಜ್ಞಾಧಾರಕ. ಕಂಪನಿಯವರು ಎಲ್ಲೋ ದೂರದಲ್ಲಿಟ್ಟಿರುವ ಗಣಕಗಳ ಉಗ್ರಾಣಕ್ಕೆ ಮೇಘವೆಂದು ಹೆಸರು. ಪೆಟ್ಟಿಗೆಯ ತಳದಲ್ಲಿರುವ ಕ್ರಮಸಂಖ್ಯೆಯನ್ನು ಕಂಪನಿಯ ಪುಟದಲ್ಲಿ ನಮೂದಿಸಿ, ಇದು ನಮ್ಮದೆಂದು ಹಕ್ಕು ಹೇಳಬೇಕು. ಆಮೇಲೆ ಫೈಬರ್ ಸಂಪರ್ಕ ಸಿಕ್ಕಿಸಿ ಸ್ವಿಚ್ ಹಾಕಿದರೆ, ಪೆಟ್ಟಿಗೆ ತಾನೇ ಮೇಘವನ್ನು ಕೂಗಿ ಕರೆದು, ತನ್ನ ಸಂಖ್ಯೆ ಒಪ್ಪಿಸಿ, ನಾವು ಬರೆದಿಟ್ಟ ಅಪ್ಪಣೆಗಳನ್ನು ಇಳಿಸಿಕೊಳ್ಳುತ್ತದೆ. ಯಕ್ಷ ಮೇಘದ ಕೈಲಿ ಕಳುಹಿಸಿದ ಸಂದೇಶ ಅಳಕೆಗೆ ಮುಟ್ಟಿತೋ ಇಲ್ಲವೋ ಎಂದು ವಿದ್ವಾಂಸರು ಚರ್ಚಿಸಲಿ. ನಮ್ಮ ಸಂದೇಶ ಮಾತ್ರ ಹತ್ತು ನಿಮಿಷದೊಳಗೆ ಮುಟ್ಟಿ, ಪೆಟ್ಟಿಗೆಯ ದೀಪ ಮಿಣುಕುವುದನ್ನು ಬಿಟ್ಟು ಸ್ಥಿರವಾಗಿ ಉರಿಯಿತು.

ಈ ಹೆಬ್ಬಾಗಿಲಿನ ಚರಿತ್ರೆ ಬಹಳ ಹಳೆಯದೇನಲ್ಲ. 1988ರ ನವೆಂಬರ್ 2ರಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಬಿಟ್ಟ ಒಂದು ‘ಹುಳು’ ಸುಮಾರು 6000 ಗಣಕಗಳನ್ನು ಹಿಡಿಯಿತೆಂದು ಅಂದಾಜು. ಅಂದಿನವರೆಗೆ ಇಂಟರ್‌ನೆಟ್ಟೆಂದರೆ ಪರಸ್ಪರ ಪರಿಚಿತ ವಿದ್ವಾಂಸರ ಅಗ್ರಹಾರ. ಅಂದಿನಿಂದ ಬಾಗಿಲು ಹಾಕಿಕೊಳ್ಳುವ ಅಭ್ಯಾಸ ಬಲವಾಯಿತು. ಬೆಲ್ ಪ್ರಯೋಗಾಲಯದ ಬಿಲ್ ಚೆಸ್ವಿಕ್ 1990ರಲ್ಲಿ ಇಂಥ ಹೆಬ್ಬಾಗಿಲೊಂದರ ರಚನೆಯನ್ನು ವಿವರಿಸುತ್ತ, ಹೊರಗೆ ಗಟ್ಟಿ ಚಿಪ್ಪು, ಒಳಗೆ ಮೆತ್ತನೆಯ ತಿರುಳು ಎಂಬರ್ಥದ ಮಾತು ಹೇಳಿದರು. ನಮ್ಮ ಕಡೆಯವರಾಗಿದ್ದರೆ ತೆಂಗಿನಕಾಯಿ ಎಂದುಬಿಡುತ್ತಿದ್ದರು. ಚಿಪ್ಪು ಒಡೆದರೆ ಮುಗಿಯಿತು, ಒಳಗೆ ತಡೆಯುವವರಿಲ್ಲ.

ಆದ್ದರಿಂದ ನಮ್ಮ ತರುಣ ಮಿತ್ರರು ಮೊದಲು ಮಾಡಿದ ಕೆಲಸ ಒಳಗಡೆ ಗೋಡೆ ಎಬ್ಬಿಸಿದ್ದು. ಹಳೆಯ ತೊಟ್ಟಿಮನೆಯಲ್ಲಿ ಜಗುಲಿಯವರೆಗೆ ಯಾರು ಬೇಕಾದರೂ ಬರಬಹುದು, ನಡುಮನೆಗೆ ನೆಂಟರು, ಅಡುಗೆಮನೆಗೆ ಮನೆಯವರು ಮಾತ್ರ. ಹಾಗೆಯೇ ಕಚೇರಿಯ ಲೆಕ್ಕಪತ್ರಕ್ಕೆ ಒಂದು ಜಾಲ, ಪ್ರಯೋಗಾಲಯಕ್ಕೆ ಒಂದು, ಅಧ್ಯಾಪಕರಿಗೆ ಒಂದು, ಹಾಸ್ಟೆಲಿಗೆ ಒಂದು, ಅತಿಥಿಗಳಿಗೆ ಒಂದು. ತಂತಿ ಒಂದೇ ಆದರೂ ಒಂದರಿಂದ ಇನ್ನೊಂದಕ್ಕೆ ದಾಟುವಂತಿಲ್ಲ. ಒಳಗಿನವರು ಕೇಳಿದ್ದಕ್ಕೆ ಬರುವ ಉತ್ತರವನ್ನು ಮಾತ್ರ ಹೆಬ್ಬಾಗಿಲು ಒಳಗೆ ಬಿಡುತ್ತದೆ. ಕೇಳದೆ ಬಂದದ್ದನ್ನು ಹೊರಗೇ ನಿಲ್ಲಿಸುತ್ತದೆ. ನಿಯಮಗಳನ್ನು ಅದು ಮೇಲಿನಿಂದ ಕೆಳಕ್ಕೆ ಓದಿ, ಮೊದಲು ಹೊಂದಿದ್ದನ್ನೇ ಹಿಡಿದು, ಮುಂದಿನದನ್ನು ನೋಡುವುದೇ ಇಲ್ಲ. ಕೆಲವು ಪರೀಕ್ಷಕರ ಸ್ವಭಾವ.

ಪ್ರತಿ ಗಣಕಕ್ಕೂ ‘ಪೋರ್ಟ್’ ಎಂಬ ಕಿಂಡಿಗಳು 65,535 ಇವೆಯಂತೆ. ಬೆರಳಚ್ಚಿನ ಹಾಜರಿ ಯಂತ್ರ ಮಾರಿದವನು, ದೂರದಿಂದಲೇ ರಿಪೇರಿ ಮಾಡಲು ಅನುಕೂಲವಾಗುವಂತೆ ಒಂದೇ ಒಂದು ಕಿಂಡಿ ಸದಾ ತೆರೆದಿಡಿ ಎಂದು ಕೇಳಿದ. ಚಿತ್ರದುರ್ಗದ ಕೋಟೆಗೆ ಏಳು ಸುತ್ತು ಇದ್ದರೂ ಹೈದರಾಲಿಯ ಸೈನಿಕರು ನುಸುಳಲು ಹೊರಟದ್ದು ಒಂದೇ ಕಿಂಡಿಯಲ್ಲಿ ಎಂಬ ಕಥೆಯನ್ನು ನಾನು ಅವನಿಗೆ ಹೇಳಿದೆ. ಒನಕೆ ಹಿಡಿದು ಹಗಲಿರುಳು ಕೂರಲು ನಮ್ಮಲ್ಲಿ ಓಬವ್ವನಿಲ್ಲವೆಂದೂ ಹೇಳಿದೆ. ಬೇಕಾದಾಗ ಮಾತ್ರ ತೆರೆದು ಮುಚ್ಚುವ ಗುಪ್ತಮಾರ್ಗಕ್ಕೆ ಅವನು ಒಪ್ಪಿದ.

ಮೇಘದ ಕಾವಲಿಗೆ ಅದರದೇ ಆದ ವಿಚಿತ್ರಗಳುಂಟು. ಯಂತ್ರ ಮಧ್ಯರಾತ್ರಿ ತನ್ನ ತಂತ್ರಾಂಶವನ್ನು ತಾನೇ ಹೊಸದು ಮಾಡಿಕೊಂಡು ಕೆಲ ನಿಮಿಷ ಕಣ್ಣು ಮುಚ್ಚುತ್ತದೆ. ಆದರೆ ಯಾವ ಊರಿನ ಮಧ್ಯರಾತ್ರಿ? ಕಾಲಮಾನ ಅಮೆರಿಕದ ಪಶ್ಚಿಮ ತೀರದ್ದಾಗಿಯೇ ಉಳಿದರೆ, ಅಲ್ಲಿಯ ನಡುರಾತ್ರಿ ನಮ್ಮ ಮಧ್ಯಾಹ್ನ ಹನ್ನೆರಡೂವರೆಯೋ ಒಂದೂವರೆಯೋ ಆಗುತ್ತದೆ. ಮಿತ್ರರು ಮೊದಲ ದಿನವೇ ಅದನ್ನು ನಮ್ಮ ಗಡಿಯಾರಕ್ಕೆ ಹೊಂದಿಸಿದರು. ಮೇಘದ ಸಂಪರ್ಕ ತಪ್ಪಿದರೂ ಪೆಟ್ಟಿಗೆ ಕೊನೆಯ ಅಪ್ಪಣೆಯನ್ನು ಹಿಡಿದು ಕಾಯುತ್ತಿರುತ್ತದೆ. ಹೊಸ ಅಪ್ಪಣೆ ಮಾತ್ರ ಮುಟ್ಟದು. ಆದರೆ ವರ್ಷದ ಲೈಸೆನ್ಸ್ ಹಣ ಕಟ್ಟದಿದ್ದರೆ ಕೆಲವು ಕಂಪನಿಗಳ ಪೆಟ್ಟಿಗೆಗಳು ಗಡುವು ಕಳೆದ ಮೇಲೆ ಕೆಲಸವನ್ನೇ ನಿಲ್ಲಿಸುತ್ತವೆ. ಇನ್ನು ಮೇಘವೂ ಮನುಷ್ಯರದೇ. ಸಿಸ್ಕೋ ಕಂಪನಿ 2012ರಲ್ಲಿ ಕೊಂಡ ಮೆರಾಕಿ ಈ ಬಗೆಯ ಯಂತ್ರಗಳಿಗೆ ಹೆಸರಾದದ್ದು. 2017ರ ಆಗಸ್ಟ್ 3ರಂದು ಅದರ ಇಂಜಿನಿಯರುಗಳು ಮಾಡಿದ ಒಂದು ಬದಲಾವಣೆಯಿಂದ, ಗ್ರಾಹಕರು ಉತ್ತರ ಅಮೆರಿಕದ ಉಗ್ರಾಣದಲ್ಲಿ ಇಟ್ಟಿದ್ದ ಚಿಹ್ನೆ, ನಕ್ಷೆ ಮುಂತಾದ ಕೆಲವು ಕಡತಗಳು ಅಳಿಸಿಹೋದವು. ಇದನ್ನು ಓದಿದ ಮೇಲೆ ನಮ್ಮ ನಿಯಮಗಳ ಒಂದು ಪ್ರತಿಯನ್ನು ಕಾಗದದ ಮೇಲೆ ಬರೆಸಿ ಬೀರುವಿನಲ್ಲಿಟ್ಟೆ.

ಇಷ್ಟೆಲ್ಲ ಯಂತ್ರದ ಮಾತಾಯಿತು. ನಮ್ಮ ಕಾಲೇಜಿನ ನಿಜವಾದ ಗೇಟಿನಲ್ಲಿ ಒಬ್ಬ ಅಜ್ಜ ಕೂರುತ್ತಾನೆ. ಅವನ ಬಳಿ ಹರಿದ ರಟ್ಟಿನ ಒಂದು ರಿಜಿಸ್ಟರ್ ಉಂಟು. ಯಾವ ಹುಡುಗಿ ಸಂಜೆ ಎಷ್ಟು ಹೊತ್ತಿಗೆ ಬಂದಳು, ಯಾವ ಹುಡುಗ ಕ್ಲಾಸು ಬಿಟ್ಟು ಸಿನಿಮಾಕ್ಕೆ ಹೋದ, ಯಾವ ಅಧ್ಯಾಪಕರು ಹತ್ತೂಮುಕ್ಕಾಲಿಗೆ ಒಳಬಂದರು, ಅವನಿಗೆ ಎಲ್ಲವೂ ಕಾಣುತ್ತದೆ. ಆದರೆ ವಾರದ ಮೇಲೆ ಕೇಳಿದರೆ, ‘ನೆನಪಿಲ್ಲ ಸ್ವಾಮಿ, ವಯಸ್ಸಾಯಿತು’ ಎನ್ನುತ್ತಾನೆ. ಇಪ್ಪತ್ತು ವರ್ಷದಿಂದ ಅವನಿಗೆ ವಯಸ್ಸಾಗುತ್ತಲೇ ಇದೆ. ಅವನ ಮರೆವಿನ ನೆರಳಿನಲ್ಲಿ ಎಷ್ಟೋ ಹುಡುಗರು ಸಣ್ಣಪುಟ್ಟ ತಪ್ಪು ಮಾಡಿ, ತಿದ್ದಿಕೊಂಡು, ದೊಡ್ಡವರಾಗಿ ಹೋಗಿದ್ದಾರೆ.

ಹೊಸ ಕಾವಲುಗಾರನಿಗೆ ಈ ಗುಣವಿಲ್ಲ. ಹಾಸ್ಟೆಲಿನ ಪ್ರತಿಯೊಬ್ಬ ಹುಡುಗಿಯೂ ತನ್ನ ಹೆಸರು, ಗುಪ್ತಪದ ಕೊಟ್ಟೇ ಜಾಲಕ್ಕೆ ಬರಬೇಕು. ಯಾರು, ಯಾವ ಗಳಿಗೆಯಲ್ಲಿ, ಯಾವ ತಾಣಕ್ಕೆ ಹೋದರೆಂದು ಯಂತ್ರ ಬರೆದಿಡುತ್ತದೆ. ಅದಕ್ಕೆ ಕಾಣುವುದು ಬಹುಮಟ್ಟಿಗೆ ಅಂಚೆಯವನಿಗೆ ಕಂಡಷ್ಟು: ಲಕೋಟೆಯ ಮೇಲಿನ ವಿಳಾಸ ಗೊತ್ತು, ಒಳಗಿನ ಕಾಗದ ಗೊತ್ತಿಲ್ಲ. ಬೇಕೆಂದರೆ ಪ್ರತಿ ಫೋನಿನಲ್ಲೂ ಕಾಲೇಜಿನ ಮುದ್ರೆಯೊಂದನ್ನು ನೆಟ್ಟು ಲಕೋಟೆ ಬಿಚ್ಚಿ ಓದುವ ಉಪಾಯವೂ ಉಂಟು. ಅದು ಬೇಡವೆಂದು ಸಮಿತಿಯಲ್ಲಿ ಎಲ್ಲರೂ ಒಪ್ಪಿದೆವು. ಆದರೆ ವಿಳಾಸವೇ ಸಾಕಷ್ಟು ಕಥೆ ಹೇಳುತ್ತದೆ. ಸೊಸೆಗೆ ತವರಿನಿಂದ ವಾರಕ್ಕೆ ಮೂರು ಕಾಗದ ಬಂದರೆ, ಒಡೆಯದೆಯೇ ಅತ್ತೆಗೆ ಅರ್ಥವಾಗುವುದಿಲ್ಲವೆ?

ಕಳೆದ ವರ್ಷ ಮಾರ್ಗಶಿರದ ಒಂದು ಸೋಮವಾರ ನಮ್ಮ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ನನ್ನನ್ನು ಕರೆಸಿದರು. ವಾರಕ್ಕೊಮ್ಮೆ ಯಂತ್ರ ತಾನೇ ಕಳುಹಿಸುವ ವರದಿ ಅವರ ಫೋನಿನಲ್ಲಿತ್ತು. ಹಾಸ್ಟೆಲಿನಲ್ಲಿ ಆ ವಾರ ಹೆಚ್ಚು ಸಲ ತಡೆಯಲ್ಪಟ್ಟ ತಾಣ ಒಂದೇ. ಹದಿನಾಲ್ಕು ಸಲ, ಬಹುಪಾಲು ರಾತ್ರಿ ಹನ್ನೊಂದರ ಮೇಲೆ. ವರ್ಗ: ‘ವಯಸ್ಕರಿಗೆ ಮಾತ್ರ’.

‘ನೋಡಿ ಮೇಷ್ಟ್ರೇ, ಇದು ಒಬ್ಬಳದೇ ಕೆಲಸ. ಅವಳ ಹೆಸರು ಕೊಡಿ. ಅವರಪ್ಪನನ್ನು ಕರೆಸೋಣ’ ಎಂದರು. ಕೆಟ್ಟವರಲ್ಲ, ಹಾಸ್ಟೆಲ್ ಕಟ್ಟಿಸಲು ಊರೂರು ತಿರುಗಿ ಹಣ ಎತ್ತಿದವರು, ಅಲ್ಲಿಯ ಹುಡುಗಿಯರನ್ನು ಮನೆಯ ಮಕ್ಕಳೆಂದೇ ತಿಳಿದವರು. ತೊಂದರೆ ಇರುವುದೂ ಅಲ್ಲಿಯೇ.

ಆ ಹೆಸರಿಗೂ ನನಗೂ ನಡುವೆ ಇದ್ದದ್ದು ಬೆರಳಿನ ಎರಡು ಒತ್ತು. ನಾನು ಒತ್ತಲಿಲ್ಲ. ‘ಮೊದಲು ಆ ತಾಣ ಯಾವುದೆಂದು ನೋಡೋಣ ಸಾರ್’ ಎಂದು, ತಡೆಯಿಲ್ಲದ ಅವರದೇ ಫೋನಿನಲ್ಲಿ ಅದನ್ನು ತೆರೆಸಿದೆ. ಹೆಂಗಸರ ಕಾಯಿಲೆಗಳ ಬಗ್ಗೆ ವೈದ್ಯರು ಬರೆಯುವ ತಾಣ. ಗರ್ಭಕೋಶದ ಗಡ್ಡೆ, ಅದರ ಶಸ್ತ್ರಚಿಕಿತ್ಸೆ, ಚಿಕಿತ್ಸೆಯ ನಂತರದ ಆರೈಕೆ. ಪಕ್ಕದಲ್ಲಿ ವೈದ್ಯಕೀಯ ಚಿತ್ರಗಳು. ಕೋಟ್ಯಂತರ ತಾಣಗಳನ್ನು ಹೆಸರಿಟ್ಟು ವಿಂಗಡಿಸುವ ಮೇಘದ ಯಾವುದೋ ಮೂಲೆಯಲ್ಲಿ, ದೇಹದ ಹೆಸರು ಕಂಡೊಡನೆ ಅಶ್ಲೀಲವೆಂದು ಚೀಟಿ ಅಂಟಿಸಿದ್ದರು. ಸನಕಾದಿಗಳನ್ನು ತಡೆದದ್ದು ಹೀಗೆಯೇ ಇದ್ದೀತು.

ಕಾರ್ಯದರ್ಶಿಗಳು ಬಹಳ ಹೊತ್ತು ಆ ಪುಟವನ್ನು ನೋಡಿದರು. ‘ಯಾರ ತಾಯಿಗೋ ಏನೋ’ ಎಂದರು. ತಾಯಿಗೋ, ಅಕ್ಕನಿಗೋ, ಅವಳಿಗೇಯೋ. ಆ ತಾಣವನ್ನು ತೆರೆದಿಡಬೇಕೆಂದು ನಾನು ಬರೆದೆ. ಎರಡು ನಿಮಿಷದಲ್ಲಿ ಅಪ್ಪಣೆ ಮೇಘಕ್ಕೆ ಹೋಗಿ ಪೆಟ್ಟಿಗೆಗೆ ಇಳಿಯಿತು. ಅವಳಪ್ಪನನ್ನು ಕರೆಸಿದ್ದರೆ ಆ ಹುಡುಗಿಯ ಓದು ಅಲ್ಲಿಗೇ ನಿಂತರೂ ನಿಲ್ಲಬಹುದಾಗಿತ್ತು. ಅವಳು ಯಾರೆಂಬುದು ನನಗೆ ಇಂದಿಗೂ ಗೊತ್ತಿಲ್ಲ. ತರಗತಿಯಲ್ಲಿ ಹಾಸ್ಟೆಲಿನ ಹುಡುಗಿಯರ ಮುಖ ನೋಡಿ ಪಾಠ ಹೇಳುವಾಗ, ಗೊತ್ತಿಲ್ಲದಿರುವುದು ಎಷ್ಟು ದೊಡ್ಡ ಅನುಕೂಲವೆಂದು ಅನ್ನಿಸಿದೆ.

ಬರೆದಿಡುವುದೇ ಬೇಡವೆಂದು ಹೇಳುವಂತಿಲ್ಲ. ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಇಂಥ ದಾಖಲೆಗಳನ್ನು 180 ದಿನ ಇಡಬೇಕು. ನಾಳೆ ಯಾರಾದರೂ ನಮ್ಮ ಜಾಲದಿಂದ ಬ್ಯಾಂಕಿಗೆ ಕನ್ನ ಹಾಕಿದರೆ ಸುಳಿವು ಬೇಡವೆ? ಆದರೆ ಇಡುವುದು ಬೇರೆ, ಓದುವುದು ಬೇರೆ. ಅತ್ತ ಖಾಸಗಿತನವೂ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ್ದಾರೆ. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೇ. ಹಾಸ್ಟೆಲಿನ ಹುಡುಗಿಗೂ ಆ ಹಕ್ಕಿನಲ್ಲಿ ಪಾಲುಂಟು.

ಅಜ್ಜನ ಮರೆವು ಮಾಡುತ್ತಿದ್ದ ಕೆಲಸವನ್ನು ಇನ್ನು ನಾವು ಕಾಗದದ ಮೇಲೆ ಬರೆದು ಮಾಡಬೇಕಾಯಿತು. ಆರು ಸಾಲಿನ ಒಂದು ನಿಯಮಾವಳಿ ಬರೆದೆ. ವಾರದ ವರದಿಯಲ್ಲಿ ವ್ಯಕ್ತಿಗಳ ಹೆಸರು ಬರಕೂಡದು. ಒಬ್ಬರ ದಾಖಲೆ ತೆಗೆಯಬೇಕಾದರೆ ಕಾರಣ ಬರೆದು ಪ್ರಿನ್ಸಿಪಾಲರು, ಸಂಚಾಲಕರು, ಹಾಸ್ಟೆಲಿನ ವಾರ್ಡನ್ ಮೂವರೂ ಸಹಿ ಹಾಕಬೇಕು. ತಡೆದ ತಾಣ ಬೇಕೆನ್ನುವವರು ಹೆಸರು ಹೇಳದೆ ಗ್ರಂಥಾಲಯದ ಪೆಟ್ಟಿಗೆಯಲ್ಲಿ ಚೀಟಿ ಹಾಕಬಹುದು. ನೂರೆಂಬತ್ತು ದಿನ ಕಳೆದ ದಾಖಲೆ ಅಳಿಯಬೇಕು. ಮೇಘದ ಬೀಗದ ಕೈ ಇಬ್ಬರ ಬಳಿ ಮಾತ್ರ ಇರಬೇಕು. ಗುಪ್ತಪದದ ಜೊತೆಗೆ ಫೋನಿಗೆ ಬರುವ ಅಂಕೆಯನ್ನೂ ಕೊಟ್ಟರೆ ಮಾತ್ರ ಬೀಗ ತೆರೆಯಬೇಕು. ಕೆಲಸ ಬಿಟ್ಟವರ ಕೈಯನ್ನು ಅದೇ ದಿನ ಹಿಂತೆಗೆದುಕೊಳ್ಳಬೇಕು. ಹಳೆಯ ಕಾವಲುಗಾರ ಊರು ಬಿಟ್ಟರೆ ಬಾಗಿಲೂ ಅವನ ಕೈತಪ್ಪುತ್ತಿತ್ತು. ಮೇಘದ ಬಾಗಿಲನ್ನು ಎಲ್ಲಿ ಕುಳಿತಾದರೂ ತೆಗೆಯಬಹುದಾದ್ದರಿಂದ ಈ ಕೊನೆಯ ಸಾಲು ಎಲ್ಲಕ್ಕಿಂತ ಮುಖ್ಯವೆಂದು ಮಿತ್ರರು ಹೇಳಿದರು.

ಕಾರ್ಯದರ್ಶಿಗಳು ಓದಿ, ‘ನಿಮ್ಮ ಕನ್ನಡ ಸ್ವಲ್ಪ ಬಿಗಿಯಾಯಿತು ಮೇಷ್ಟ್ರೇ’ ಎಂದು ಗೊಣಗಿ, ಒಪ್ಪಿ, ಮಂಡಳಿಯ ಮುದ್ರೆ ಹಾಕಿಸಿದರು.

ಈ ವರ್ಷ ಐಚ್ಛಿಕ ಕನ್ನಡಕ್ಕೆ ಹತ್ತೊಂಬತ್ತು ಜನ ಸೇರಿದ್ದರಿಂದ ನನಗೆ ಬಿಡುವಿಲ್ಲದಂತಾಗಿ, ಸಮಿತಿ ಅರ್ಥಶಾಸ್ತ್ರದವರ ಪಾಲಾಯಿತು. ಅಧಿಕಾರ ಒಪ್ಪಿಸಿದ ಮರುದಿನ ಮನೆಯಲ್ಲಿ ಕಾಫಿ ಕುಡಿಯುತ್ತ, ಪರೀಕ್ಷೆಗೆಂದು ನನ್ನ ಹಳೆಯ ಗುಪ್ತಪದ ಕೊಟ್ಟು ನೋಡಿದೆ. ಬಾಗಿಲು ತೆರೆಯಲಿಲ್ಲ. ತಮಗೆ ಪ್ರವೇಶವಿಲ್ಲವೆಂದು ಯಂತ್ರ ವಿನಯವಾಗಿಯೇ ತಿಳಿಸಿತು. ನಿಯಮಾವಳಿಯ ಆರನೆಯ ಸಾಲು ನಡೆಯುತ್ತಿದೆಯೆಂದು ಸಂತೋಷವಾಯಿತು.