ಮೀರಾಳನ್ನು ಹುಡುಕುತ್ತ

ಇಚಲಕರಂಜಿಯ ಗ್ಯಾರೇಜೊಂದರ ಮುಂದೆ ನಿಂತು, ನನ್ನ ಹರಕು ಮರಾಠಿಯಲ್ಲಿ ‘ಮೀರಾ ಕುಠೆ ಆಹೆ?’ ಎಂದು ಕೇಳಿದೆ. ಹುಡುಗ ನನ್ನ ನೆರೆತ ತಲೆಯನ್ನೊಮ್ಮೆ ನೋಡಿ ಪೊಲೀಸ್ ಠಾಣೆಯ ದಾರಿ ತೋರಿಸಿದ.

ತಪ್ಪು ನನ್ನದೇ. ಮೀರಾ ಅನ್ನುವುದು ಕಾರಿನ ಹೆಸರು ಎಂದು ಮೊದಲೇ ಹೇಳಬೇಕಿತ್ತು.

ಆ ಹೆಸರು ನನ್ನ ಕಿವಿಗೆ ಬಿದ್ದದ್ದು ಅನಗವಾಡಿಯಲ್ಲಿ, ಘಟಪ್ರಭೆಯ ಸೇತುವೆ ಹತ್ತಿರದ ಚಹಾದಂಗಡಿ ಕಟ್ಟೆಯ ಮೇಲೆ. ಬನಹಟ್ಟಿಯ ನನ್ನ ಸೋದರಮಾವ ಹರೆಯದಲ್ಲಿ ಇಚಲಕರಂಜಿಯ ಪಾವರಲೂಮಿನಲ್ಲಿ ದುಡಿದವನು. ಊರಲ್ಲಿ ಮಗ್ಗ ನಿಂತರೆ ಅಲ್ಲಿನ ಬಸ್ಸು ಹತ್ತುವುದೇ ಅವನ ರೂಢಿ. ಹಬ್ಬಕ್ಕೆ ಬಂದಾಗ ಟವೆಲ್ಲು ಹೆಗಲಿಗೇರಿಸಿ, ಅಂಗೈಯನ್ನು ಸೊಂಟದಿಂದ ಒಂದು ಗೇಣು ಮೇಲೆ ಹಿಡಿದು ಹೇಳುತ್ತಿದ್ದ: ‘ಇಷ್ಟ ಎತ್ತರ. ಚಕ್ಕಡಿಗಿಂತ ಸಣ್ಣದು. ಇಂಜಿನ್ ಹಿಂದೈತಿ. ಕೆಳಗ ಸ್ಪ್ರಿಂಗ್ ಇಲ್ಲ, ಬರೇ ರಬ್ಬರ್!’

‘ರಬ್ಬರಿನ ಮ್ಯಾಲೆ ಓಡಾಕ ಅದೇನ ಹವಾಯಿ ಚಪ್ಲೇನೋ?’ ಅಂದರು ಯಾರೋ. ಕಟ್ಟೆಗೆ ಕಟ್ಟೆಯೇ ನಕ್ಕಿತು. ಅಂದಿನಿಂದ ಅವನು ‘ರಬ್ಬರ್ ಮಾವ’. ನಾನೂ ನಕ್ಕಿದ್ದೆ, ಅವನೇ ಕೊಡಿಸಿದ ಬಿಸ್ಕೀಟು ಬಾಯಲ್ಲಿಟ್ಟುಕೊಂಡು.

ಮಾವ ಹೇಳಿದ್ದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ ಅಂತ ನನಗೆ ತಿಳಿಯುವಷ್ಟರಲ್ಲಿ ಅವನೇ ಇರಲಿಲ್ಲ. ಶಂಕರರಾವ್ ಕುಲಕರ್ಣಿಯವರು ಇಚಲಕರಂಜಿಯಲ್ಲಿ ಇಬ್ಬರು ಕೂಡುವ ಪುಟ್ಟ ಕಾರೊಂದನ್ನು 1949ರಲ್ಲೇ ಕಟ್ಟಿದ್ದರು. ದೊಡ್ಡ ಓದಿನವರಲ್ಲ. ಇಪ್ಪತ್ತು ವರ್ಷ ಅದನ್ನೇ ತಿದ್ದಿದರು, ತೀಡಿದರು. ಬಿಡಿಭಾಗ ಕಡಿಮೆಯಾಗಲಿ, ಖರ್ಚು ಇಳಿಯಲಿ ಎಂದು ಸ್ಪ್ರಿಂಗಿನ ಜಾಗದಲ್ಲಿ ರಬ್ಬರ್ ಕೂಡಿಸಿದರು. ಇಂಗ್ಲೆಂಡಿನ ಮಿನಿ ಕೂಡ 1959ರಲ್ಲಿ ರಬ್ಬರಿನ ಮೇಲೆಯೇ ಕೂತು ರಸ್ತೆಗಿಳಿದದ್ದು. ಅದನ್ನು ರೂಪಿಸಿದ ಇಸ್ಸಿಗೊನಿಸ್ ಸಾಹೇಬ ಅನಗವಾಡಿಯ ಕಟ್ಟೆಗೆ ಬಂದಿದ್ದರೆ ಅವನಿಗೂ ಒಂದು ಅಡ್ಡಹೆಸರು ಗ್ಯಾರಂಟಿ. ಮೀರಾಳನ್ನು ಸುಮಾರು 12,000 ರೂಪಾಯಿಗೆ ಕೊಡುವ ಲೆಕ್ಕವಿತ್ತು. ಆದರೆ ಕಾರು ಮಾಡುವುದಕ್ಕಿಂತ ಲೈಸೆನ್ಸು ದಕ್ಕಿಸಿಕೊಳ್ಳುವುದೇ ಕಷ್ಟದ ಕಾಲ ಅದು. ಕಾರ್ಖಾನೆ ಏಳಲೇ ಇಲ್ಲ. 1983ರ ಕೊನೆಗೆ ಮಾರುತಿ ಬಂತು. 2008ರಲ್ಲಿ ಟಾಟಾದವರು ಹಿಂದೆ ಇಂಜಿನ್ನಿನ ನ್ಯಾನೊ ತೋರಿಸಿದಾಗ ಅದೇ ಕಟ್ಟೆ ‘ಏನ್ ತಲಿರೀ!’ ಎಂದು ಹೊಗಳಿದ್ದೇ ಹೊಗಳಿದ್ದು. ನಾನು ಚಹಾದ ಕಪ್ಪು ನೋಡುತ್ತ ಕೂತಿದ್ದೆ.

ಹಾಗಾಗಿಯೇ ಈಗ ಜಮಖಂಡಿ, ತೇರದಾಳ, ಕಾಗವಾಡ ದಾಟಿ ಇಲ್ಲಿಗೆ ಬಂದದ್ದು. ಗುಜರಿಗಳಲ್ಲಿ ತುಕ್ಕು ಹಿಡಿದ ಮಗ್ಗಗಳು ರಾಶಿ ಬಿದ್ದಿದ್ದವು, ಮೀರಾ ಇರಲಿಲ್ಲ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮುದಿ ಫಿಟರ್ ಒಬ್ಬ ಲೂಮಿನ ಗೇರು ತಿಕ್ಕುತ್ತಿದ್ದ. ನನ್ನ ಮರಾಠಿ ಕೇಳಿ ಮರುಕಪಟ್ಟು ಕನ್ನಡಕ್ಕಿಳಿದ. ‘ಸಣ್ಣಾಂವ ಇದ್ದಾಗ ಅದರ ಹಿಂದ ಓಡೇನಿ. ಈಗೆಲ್ಲೈತೋ!’ ಅಂದು ಎಣ್ಣೆ ಮೆತ್ತಿದ ಅಂಗೈಯನ್ನು ಸೊಂಟದಿಂದ ಒಂದು ಗೇಣು ಮೇಲೆ ಹಿಡಿದ. ‘ಇಷ್ಟ ಎತ್ತರ ಇತ್ರೀ.’

ವಾಪಸ್ಸು ಬರುವಾಗ ಬನಹಟ್ಟಿಯಲ್ಲಿ ಇಳಿದೆ. ಅತ್ತೆ ಕಾಂಡಿ ಸುತ್ತುತ್ತಿದ್ದಳು. ಎಲ್ಲ ಹೇಳಿದೆ.

‘ಖರೇ ಇತ್ತಂತ ನನಗ್ಯಾಕ ಹೇಳ್ತಿ?’ ಅಂದಳು ಕೈ ನಿಲ್ಲಿಸದೆ. ‘ನಾ ಯಾವತ್ತ ನಕ್ಕಿದ್ದೆ?’