ಮುಂದಿನ ಗಾಲಿ, ಮುಂದಿನ ದಾರಿ

ಬೆಂಗಳೂರಿನ ಪುರಭವನದ ಮಗ್ಗುಲಿನಿಂದ ಹೊರಟು ಮಿನರ್ವ ವೃತ್ತದ ಕಡೆಗೆ ಸಾಗುವ ಜಯಚಾಮರಾಜೇಂದ್ರ ರಸ್ತೆಗೆ ಎರಡು ಮುಖಗಳುಂಟು. ಒಂದು, 1963ರಲ್ಲಿ ಬಾಗಿಲು ತೆರೆದ ರವೀಂದ್ರ ಕಲಾಕ್ಷೇತ್ರದ ಮುಖ. ಅಲ್ಲಿ ಸಂಜೆಯ ಹೊತ್ತು ನಾಟಕ, ಗಾನ, ನೃತ್ಯ. ಇನ್ನೊಂದು, ವಾಹನಗಳ ಬಿಡಿಭಾಗಗಳನ್ನು ಮಾರುವ ಅಂಗಡಿಸಾಲಿನ ಮುಖ. ಅಲ್ಲಿ ಹಗಲೆಲ್ಲ ಎಣ್ಣೆ, ಕಬ್ಬಿಣ, ಹೊಸ ರಬ್ಬರಿನ ವಾಸನೆ. ಮಹಾರಾಜರ ಹೆಸರು ಹೊತ್ತ ಈ ಬೀದಿಯನ್ನು ಜನರು ‘ಜೆ.ಸಿ. ರೋಡು’ ಎಂದು ಮೊಟಕುಗೊಳಿಸಿ ಎಷ್ಟೋ ಕಾಲವಾಯಿತು.

ಮಳೆಗಾಲ ಸಮೀಪಿಸಿದಂತೆ ಈ ಅಂಗಡಿಗಳಿಗೆ ಒಂದು ವಿಶೇಷ ಬಗೆಯ ಗಿರಾಕಿ ಬರುತ್ತಾನೆ. ಅವನ ಮೋಟಾರು ಸೈಕಲ್ಲು ಕಾರ್ಖಾನೆಯಿಂದ ಬಂದಾಗ ಅದರ ಮುಂದಿನ ಗಾಲಿ 21 ಇಂಚಿನದು. ಆ ಗಾಲಿಗೆ ಹೊಂದುವ ಟೈರು ಸಣ್ಣ ಊರುಗಳಲ್ಲಿ ಸುಲಭವಾಗಿ ದೊರೆಯುವುದಿಲ್ಲ. ಡಾಂಬರು ರಸ್ತೆಯ ತಿರುವುಗಳಲ್ಲಿ ವಾಹನ ತಡವಾಗಿ ಹೊರಳುತ್ತದೆ. ಆದುದರಿಂದ ಅವನು ಅದನ್ನು ಬಿಚ್ಚಿಸಿ, ಅದೇ ಹಬ್ಬಿಗೆ ಗಿಡ್ಡ ಕಡ್ಡಿಗಳನ್ನು ಹೆಣೆಯಿಸಿ, 19 ಇಂಚಿನ ರಿಮ್ಮು ಹಾಕಿಸಿಕೊಂಡಿದ್ದಾನೆ. ಇನ್ನುಳಿದಿರುವುದು ಟೈರು ಮಾತ್ರ. ಅದು ಅರ್ಧ ಗಂಟೆಯ ಕೆಲಸವೆಂದು ಅವನ ನಂಬಿಕೆ.

“ಯಾವ ಸೈಜು ಸಾರ್?” ಎಂದು ಅಂಗಡಿಯವರು ಕೇಳುತ್ತಾರೆ.

“ಹಳೇದು 90/90 ಇತ್ತು. ಅದೇ ಕೊಡಿ, 19ರಲ್ಲಿ.”

ಅನುಭವಸ್ಥ ವ್ಯಾಪಾರಿಯಾದರೆ ಇಲ್ಲಿ ಒಂದು ಗಳಿಗೆ ಸುಮ್ಮನಾಗುತ್ತಾನೆ. ಗಿರಾಕಿ ‘ಅದೇ’ ಎಂದುದು ಅದೇ ಅಲ್ಲ. ಟೈರಿನ ಮಗ್ಗುಲಲ್ಲಿ ಅಚ್ಚಾದ ಮೊದಲನೆಯ ಅಂಕಿ ಅದರ ಅಗಲ, ಮಿಲಿಮೀಟರುಗಳಲ್ಲಿ. ಎರಡನೆಯದು, ಆ ಅಗಲದ ನೂರಕ್ಕೆ ಎಷ್ಟು ಪಾಲು ಟೈರಿನ ಎತ್ತರವೆಂಬುದು. ಕೊನೆಯದು ರಿಮ್ಮಿನ ಅಡ್ಡಳತೆ, ಇಂಚುಗಳಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡ, ಇಂಚು ಮೂರೂ ಪಂಕ್ತಿಭೋಜನಕ್ಕೆ ಕುಳಿತಿವೆ; ಗೊಂದಲವಾಗುವುದರಲ್ಲಿ ಆಶ್ಚರ್ಯವೇನಿಲ್ಲ. ಲೆಕ್ಕ ಹಾಕಿ ನೋಡಿದರೆ 90/90-21 ಟೈರಿನ ಒಟ್ಟು ಎತ್ತರ ಸುಮಾರು 695 ಮಿಲಿಮೀಟರು. 90/90-19 ಟೈರಿನದು 645 ಮಾತ್ರ. 50 ಮಿಲಿಮೀಟರು ಕಡಿಮೆಯಾಯಿತು. ವಾಹನದ ಮೂತಿ 25 ಮಿಲಿಮೀಟರು ಕೆಳಗಿಳಿಯಿತು. ಅದರ ಬದಲು 100/90-19 ತೆಗೆದುಕೊಂಡರೆ ಎತ್ತರ 663 ಆಗುತ್ತದೆ. ಇಳಿತ ಕೇವಲ 16 ಮಿಲಿಮೀಟರು. 110/80-19ರ ಎತ್ತರ 659. ಅಂಗಡಿಯ ಗೋಡೆಗೆ ತೂಗುಹಾಕಿದ ಈ ಮೂರನ್ನೂ ದೂರದಿಂದ ನೋಡಿದವರಿಗೆ ವ್ಯತ್ಯಾಸವೇ ತಿಳಿಯದು.

ಹದಿನಾರೋ ಇಪ್ಪತ್ತೈದೋ ಮಿಲಿಮೀಟರು ಎಂದರೆ ಬೆರಳಿನ ದಪ್ಪ. ಅದಕ್ಕೆ ಇಷ್ಟು ಗದ್ದಲವೇಕೆ? ಮೋಟಾರು ಸೈಕಲ್ಲಿನ ಮುಂದಿನ ಫೋರ್ಕು ನೆಟ್ಟಗೆ ನಿಂತಿರುವುದಿಲ್ಲ. ಒಂದು ಓರೆಯಲ್ಲಿ ಮುಂದಕ್ಕೆ ಚಾಚಿರುತ್ತದೆ. ಆ ಓರೆಯೇ ವಾಹನವನ್ನು ನೇರ ದಾರಿಯಲ್ಲಿ ಹಿಡಿದು ನಿಲ್ಲಿಸುವ ಶಕ್ತಿ. ಮೂತಿ ಇಳಿದರೆ ಓರೆ ಕಡಿಮೆಯಾಗುತ್ತದೆ, ಹ್ಯಾಂಡಲು ಹಗುರಾಗುತ್ತದೆ. ತುಸು ಹಗುರವಾದರೆ ತಿರುವಿನಲ್ಲಿ ಸುಖ. ಮಿತಿ ಮೀರಿದರೆ ವೇಗದಲ್ಲಿ ನಡುಕ. ಜೊತೆಗೆ ಎಂಜಿನ್ನಿನ ಹೊಟ್ಟೆ ನೆಲಕ್ಕೆ ಹತ್ತಿರವಾಗುತ್ತದೆ; ಮಲೆನಾಡಿನ ಕಲ್ಲುಗಳಿಗೆ ಅದರ ಮೇಲೆ ಕರುಣೆಯಿಲ್ಲ.

ದೊಡ್ಡ ಗಾಲಿ ಮೇಲೋ ಸಣ್ಣದು ಮೇಲೋ ಎಂಬ ವಿಚಾರದಲ್ಲಿ ತಯಾರಕರೇ ಎರಡು ಮನಸ್ಸಿನವರು. ಜರ್ಮನಿಯ ಬಿ.ಎಂ.ಡಬ್ಲ್ಯೂ. ಸಂಸ್ಥೆ 1980ರಲ್ಲಿ ಹೊರತಂದ ಆರ್80 ಜಿ/ಎಸ್ ವಾಹನಕ್ಕೆ 21 ಇಂಚಿನ ಮುಂಭಾಗದ ಗಾಲಿಯಿತ್ತು. ಅದೇ ವಂಶದ ಆರ್1100 ಜಿಎಸ್ 1994ರಲ್ಲಿ ಬಂದಾಗ 19ಕ್ಕೆ ಇಳಿದಿತ್ತು. ನಮ್ಮ ದೇಶದಲ್ಲಿಯೂ ರಾಯಲ್ ಎನ್‌ಫೀಲ್ಡ್ 2016ರ ಹಿಮಾಲಯನ್ನಿಗೆ 90/90-21 ತೊಡಿಸಿತು. ಅದೇ ಎಂಜಿನ್ನಿನ ಸ್ಕ್ರ್ಯಾಮ್ 411ಕ್ಕೆ 2022ರಲ್ಲಿ 100/90-19 ತೊಡಿಸಿತು. ಆದರೆ ಕಾರ್ಖಾನೆಯವರು ಗಾಲಿಯೊಂದನ್ನೇ ಬದಲಿಸಿ ಕೈತೊಳೆದುಕೊಳ್ಳಲಿಲ್ಲ. ಮುಂದಿನ ಸ್ಪ್ರಿಂಗಿನ ಚಲನೆಯನ್ನೂ ಬದಲಿಸಿದರು. ನೆಲದಿಂದ ವಾಹನದ ಹೊಟ್ಟೆಗಿದ್ದ ಅಂತರ 220ರಿಂದ 200 ಮಿಲಿಮೀಟರಿಗೆ ಇಳಿಯಿತು. ಬೀದಿಯಲ್ಲಿ ರಿಮ್ಮು ಬದಲಿಸುವವನು ಮಾಡುವುದು ಅದರಲ್ಲಿ ಒಂದು ಪಾಲನ್ನು ಮಾತ್ರ.

ಅಗಲದ ಆಸೆಯೂ ಒಂದು ಮಾಯೆ. ದಪ್ಪ ಟೈರು ಕಣ್ಣಿಗೆ ಗಂಭೀರವಾಗಿ ಕಾಣುತ್ತದೆಂಬುದು ನಿಜ. ಕಿರಿದಾದ ರಿಮ್ಮಿಗೆ ಅದನ್ನು ಏರಿಸಿದರೆ ಎರಡು ಅಂಚುಗಳೂ ಒಳಕ್ಕೆ ಎಳೆದುಕೊಂಡು ನಡುನೆತ್ತಿ ಉಬ್ಬುತ್ತದೆ. ಹಣ ಕೊಟ್ಟು ಕೊಂಡ ಅಗಲ ನೆಲವನ್ನೇ ಮುಟ್ಟುವುದಿಲ್ಲ. ಹಳೆಯ 21 ಇಂಚಿನ ಗಾಲಿಗೆ 2.15 ಇಂಚಿನ ರಿಮ್ಮು ಸಾಕಾಗಿತ್ತು. 100/90-19 ಟೈರಿಗೆ ಸಲ್ಲುವುದು 2.50 ಇಂಚಿನದು. ಅಂಗಡಿಗೆ ಬರುವ ಮೊದಲೇ ರಿಮ್ಮಿನ ಮೇಲೆ ಕೆತ್ತಿದ ಈ ಅಂಕಿಯನ್ನು ಬರೆದುಕೊಂಡು ಬರುವ ಗಿರಾಕಿ ನೂರರಲ್ಲಿ ಒಬ್ಬನಿದ್ದರೆ ಪುಣ್ಯ. ಮಡ್‌ಗಾರ್ಡಿನ ಕೆಳಗೆ, ಫೋರ್ಕಿನ ಕಾಲುಗಳ ನಡುವೆ, ಕೆಸರು ಜಾರಿ ಬೀಳಲು ಬೆರಳು ಹೋಗುವಷ್ಟಾದರೂ ಸಂದು ಇದೆಯೇ ಎಂದೂ ನೋಡಬೇಕು.

ವೇಗಮಾಪಕದ ತಮಾಷೆ ಬೇರೆ. ಅದು ಮುಂದಿನ ಗಾಲಿಯಿಂದ ನಡೆಯುವ ವಾಹನವಾದರೆ, 100/90-19 ಹಾಕಿದ ಮೇಲೆ ನಿಜವಾದ 60 ಕಿಲೋಮೀಟರು ವೇಗವನ್ನು 63 ಎಂದು ಹೇಳುತ್ತದೆ. ಲೀಟರಿಗೆ 30 ಕಿಲೋಮೀಟರು ಕೊಡುತ್ತಿದ್ದ ವಾಹನ ಮೂವತ್ತೊಂದೂವರೆ ಕೊಟ್ಟಂತೆ ತೋರುತ್ತದೆ. ಯಜಮಾನನಿಗೆ ಪುಕ್ಕಟೆ ಸಂತೋಷ. ಆದರೆ ಎ.ಬಿ.ಎಸ್. ಬ್ರೇಕು ಇರುವ ವಾಹನಗಳಲ್ಲಿ ಇದು ತಮಾಷೆಯಲ್ಲ. ಆ ಯಂತ್ರವು ಎರಡು ಗಾಲಿಗಳ ವೇಗವನ್ನೂ ಸದಾ ಹೋಲಿಸಿ ನೋಡುತ್ತಿರುತ್ತದೆ; ಒಂದರ ಸುತ್ತಳತೆ ಕುಗ್ಗಿದುದು ಅದಕ್ಕೆ ತಿಳಿದಿರುವುದಿಲ್ಲ.

ಕಾನೂನಿನ ಮಾತನ್ನೂ ಇಲ್ಲಿಯೇ ಹೇಳಿಬಿಡುವುದು ಲೇಸು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕನು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಲಾಗದೆಂದು ಹೇಳುತ್ತದೆ. ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅಪಘಾತವಾದ ದಿನ ವಿಮೆಯವರು ಮೊದಲು ಬಗ್ಗಿ ನೋಡುವುದು ಗಾಲಿಯನ್ನೇ ಆಗಬಹುದು. ಜೆ.ಸಿ. ರಸ್ತೆಯಲ್ಲಿ ಈ ವಿಷಯವನ್ನು ಗಟ್ಟಿಯಾಗಿ ಚರ್ಚಿಸುವವರು ವಿರಳ.

ಅಳತೆ ನಿಶ್ಚಯವಾದ ಮೇಲೆ ಒಳ್ಳೆಯ ವ್ಯಾಪಾರಿ ಕೇಳುವ ಪ್ರಶ್ನೆ ಒಂದೇ: “ಎಲ್ಲಿ ಓಡಿಸ್ತೀರಿ ಸಾರ್?” ಗುಬುಟು ಗುಬುಟಾದ ಟೈರುಗಳು ಕಾಫಿ ತೋಟದ ಕೆಮ್ಮಣ್ಣಿಗೆ ಒಳ್ಳೆಯವು, ಮನೆಯಿಂದ ಗೇಟಿನವರೆಗೆ ಎರಡು ಮೈಲಿ ಕೆಸರು ತುಳಿಯಬೇಕಾದ ತೋಟಗಾರನಿಗೆ ಅವೇ ಗತಿ. ಆದರೆ ನೆನೆದ ಡಾಂಬರಿನ ಮೇಲೆ ಅವುಗಳಲ್ಲಿ ನೆಲ ಮುಟ್ಟುವ ರಬ್ಬರು ಕಡಿಮೆ. ಬ್ರೇಕು ಹಿಡಿದಾಗ ಗುಬುಟುಗಳು ಬಾಗುತ್ತವೆ. ಬೆಂಗಳೂರಿನಿಂದ ಮಳೆ ನೋಡಲು ಹೋಗುವವನ ದಾರಿ ನೂರಕ್ಕೆ ತೊಂಬತ್ತು ಪಾಲು ಡಾಂಬರೇ. ಅವನಿಗೆ ನೀರನ್ನು ಪಕ್ಕಕ್ಕೆ ದೂಡುವ ಆಳವಾದ ಗೆರೆಗಳಿರುವ, ಒತ್ತಾದ ಮೈಯ ಟೈರೇ ಸರಿ. ಚಿತ್ರಗಳಲ್ಲಿ ಅದು ಅಷ್ಟೇನೂ ವೀರವಾಗಿ ಕಾಣುವುದಿಲ್ಲ, ಅಷ್ಟೆ. ಕೊಳ್ಳುವಾಗ ಮಗ್ಗುಲಿನ ನಾಲ್ಕಂಕಿಯ ಮುದ್ರೆಯನ್ನೂ ಓದಬೇಕು. 2324 ಎಂದಿದ್ದರೆ ಅದು 2024ರ 23ನೆಯ ವಾರದಲ್ಲಿ ಹುಟ್ಟಿದ್ದು. ಕಡ್ಡಿಯ ಗಾಲಿಗೆ ಸಾಮಾನ್ಯವಾಗಿ ಟ್ಯೂಬು ಬೇಕು. ಮುಂದಿನ ಗಾಲಿಗೆಂದು ತೋರಿಸಿದ ಬಾಣದ ಗುರುತು ಸುತ್ತುವ ದಿಕ್ಕಿಗೆ ಇರಬೇಕು.

ಹೊಸ ಟೈರಿನ ಮೈ ನುಣುಪು. ಮೊದಲ 150 ಕಿಲೋಮೀಟರುಗಳಷ್ಟು ದೂರ ಹದವಾಗಿ ಓಡಿಸಿದರೆ ಅದು ಸವೆದು ಹಿಡಿತ ಬರುತ್ತದೆ. ಇದಕ್ಕೆ ಹಾಸನದ ಹೆದ್ದಾರಿ ಹೇಳಿ ಮಾಡಿಸಿದಂತಿದೆ. ನೆಲಮಂಗಲ, ಕುಣಿಗಲ್, ಎಡೆಯೂರು, ಬೆಳ್ಳೂರು ಕ್ರಾಸು, ಚನ್ನರಾಯಪಟ್ಟಣ ದಾಟಿ ಹಾಸನ ಮುಟ್ಟುವ ಹೊತ್ತಿಗೆ ಆ ದೂರ ಕಳೆದಿರುತ್ತದೆ. ಬೇಲೂರಿನಾಚೆ ಮೂಡಿಗೆರೆಯ ದಾರಿಯಲ್ಲಿ ತಿರುವುಗಳು ಮೊದಲಾಗುತ್ತವೆ. ಹೊಸ ಗಾಲಿಯ ಸ್ವಭಾವ ಸವಾರನಿಗೆ ತಿಳಿಯುವುದು ಅಲ್ಲಿ. ಮೊದಲು ತೋಳು ಹಾಕಿ ಹೊರಳಿಸಬೇಕಾಗಿದ್ದ ವಾಹನ ಈಗ ಬೆರಳ ಸನ್ನೆಗೆ ಬಾಗುತ್ತದೆ. ಹೊಂಡ ಬಂದಾಗ ಮಾತ್ರ ಹಳೆಯ ದೊಡ್ಡ ಗಾಲಿಯ ನೆನಪಾಗುತ್ತದೆ. ಅದು ತೇಲಿ ದಾಟುತ್ತಿದ್ದ ಗುಂಡಿಯಲ್ಲಿ ಇದು ಇಳಿದು ಏಳುತ್ತದೆ.

ಕೊಟ್ಟಿಗೆಹಾರದಲ್ಲಿ ಬಿಸಿ ನೀರುದೋಸೆ ತಿಂದು ಸವಾರರು ಚಾರ್ಮಾಡಿ ಘಾಟಿಗೆ ಇಳಿಯುತ್ತಾರೆ. 2019ರ ಆಗಸ್ಟಿನ ಮಳೆಗೆ ಗುಡ್ಡಗಳು ಕುಸಿದು ಈ ದಾರಿ ಮುಚ್ಚಿಹೋಗಿತ್ತು. ಆಷಾಢದಲ್ಲಿ ಇಲ್ಲಿ ಹಗಲೇ ಮಂಜು ಕವಿಯುತ್ತದೆ, ಬಂಡೆಗಳಿಂದ ಇಳಿದ ನೀರು ರಸ್ತೆಗೆ ಅಡ್ಡಲಾಗಿ ಹರಿಯುತ್ತದೆ, ಅಂಚಿನಲ್ಲಿ ಪಾಚಿ, ಅದರಾಚೆ ಕಣಿವೆ. ಕೆಳಗಿನಿಂದ ಏರುವ ಬಸ್ಸು ತಿರುವಿನಲ್ಲಿ ಇಡೀ ರಸ್ತೆಯನ್ನು ತುಂಬಿಕೊಂಡು ಬರುತ್ತದೆ. ಆ ಕ್ಷಣದಲ್ಲಿ ಮುಂದಿನ ಬ್ರೇಕು ಹಿಡಿದವನ ಭಾರವೆಲ್ಲ ಮುಂದಿನ ಟೈರಿನ ಮೇಲೆ, ಅಂಗೈಯಗಲದ ರಬ್ಬರಿನ ಮೇಲೆ ಬೀಳುತ್ತದೆ. ಬಸ್ಸು ದಾಟಿಹೋದ ಮೇಲೆ ಸವಾರ ಕ್ಲಚ್ಚು ಬಿಟ್ಟು ಮತ್ತೆ ಮೆಲ್ಲನೆ ಇಳಿಯುತ್ತಾನೆ. ಉಜಿರೆಯ ಬಯಲಿಗೆ ಬರುವಷ್ಟರಲ್ಲಿ ಮಳೆ ಹನಿಯಾಗಿ, ಗಾಳಿ ಬೆಚ್ಚಗಾಗಿರುತ್ತದೆ.