ಮೂರು ತಿಂಗಳ ವಿಮೆ ಮತ್ತು ಮಗಳ ಆರೋಗ್ಯ

ವ್ಯಾಂಕೂವರ್



ನಿಮ್ಮ ಪತ್ರ ತಲುಪಿತು. ಮಗಳಿಗೆ ಇಲ್ಲಿನ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಅಂದರೆ ಯುಬಿಸಿಯಲ್ಲಿ, ಸೀಟು ಸಿಕ್ಕಿರುವ ಸುದ್ದಿ ಓದಿ ಮನೆಯವರೆಲ್ಲ ಖುಷಿಪಟ್ಟೆವು. ಅದರ ಬೆನ್ನಿಗೇ ನೀವು ಕೇಳಿದ ಪ್ರಶ್ನೆ ನನ್ನನ್ನು ಹಿಡಿದು ಕೂರಿಸಿತು. ಶುಲ್ಕದ ಪಟ್ಟಿಯಲ್ಲಿ ಆರೋಗ್ಯದ ಹೆಸರಿನಲ್ಲಿ ಎರಡು ಬಾಬತ್ತುಗಳಿವೆ, ಅಲ್ಲಿಗೆ ಹೋದ ಮೇಲೆ ಸರ್ಕಾರಕ್ಕೆ ಬೇರೆ ಕಟ್ಟಬೇಕಂತೆ, ಒಂದೇ ಮೈಗೆ ಮೂರು ವಿಮೆ ಯಾಕೆ ಎಂದಿದ್ದೀರಿ. ಶಿಕ್ಷಣ ಸಾಲ ಮಾಡಿ ಮಗಳನ್ನು ಕಳಿಸುವ ಯಾವ ತಂದೆಯಾದರೂ ಕೇಳಬೇಕಾದ ಪ್ರಶ್ನೆ ಇದು. ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಕೆನಡಾದ ಈ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸರ್ಕಾರಿ ಆರೋಗ್ಯ ಯೋಜನೆಗೆ ಮೆಡಿಕಲ್ ಸರ್ವಿಸಸ್ ಪ್ಲ್ಯಾನ್ ಎಂದು ಹೆಸರು. ಎಲ್ಲರೂ ಎಂಎಸ್‌ಪಿ ಅನ್ನುತ್ತಾರೆ. ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ಸ್ಟಡಿ ಪರ್ಮಿಟ್ ಇರುವ ವಿದ್ಯಾರ್ಥಿಗಳೂ ಅದಕ್ಕೆ ಸೇರಲೇಬೇಕು. ಆದರೆ ವಿಮಾನ ಇಳಿದ ದಿನವೇ ಅದು ಕೈಗೆ ಸಿಗುವುದಿಲ್ಲ. ಬಂದ ತಿಂಗಳಿನ ಉಳಿದ ದಿನಗಳು, ಅದರ ಮೇಲೆ ಪೂರ್ತಿ ಎರಡು ತಿಂಗಳು ಕಾಯಬೇಕು. ಪಟ್ಟಿಯಲ್ಲಿರುವ ತಾತ್ಕಾಲಿಕ ವಿಮೆ ಈ ಕಾಯುವ ಕಾಲಕ್ಕಾಗಿಯೇ ಇದೆ. ಯುಬಿಸಿಯಲ್ಲಿ ಅದನ್ನು ಐಮೆಡ್ ಎನ್ನುತ್ತಾರೆ. ಹೊಸದಾಗಿ ಬರುವ ವಿದೇಶಿ ವಿದ್ಯಾರ್ಥಿಗಳ ಖಾತೆಗೆ ತಾನಾಗಿಯೇ ಸೇರಿಬಿಡುತ್ತದೆ. ಈಗಾಗಲೇ ಎಂಎಸ್‌ಪಿ ಇರುವವರು ದಾಖಲೆ ತೋರಿಸಿ, ಗಡುವಿನೊಳಗೆ ತೆಗೆಸಿಕೊಳ್ಳಬಹುದು. ನಿಮ್ಮ ಮಗಳಿಗೆ ಅದು ಬೇಕೇ ಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಟಿಕೆಟ್ ಬುಕ್ ಮಾಡುವ ಮೊದಲು ನೋಡಿಕೊಳ್ಳಿ. ಮಗಳು ಆಗಸ್ಟ್ 28ಕ್ಕೆ ಬಂದಿಳಿದರೆ ನವೆಂಬರ್ 1ಕ್ಕೆ ಎಂಎಸ್‌ಪಿ ಶುರುವಾಗುತ್ತದೆ. ಸೆಪ್ಟೆಂಬರ್ 2ಕ್ಕೆ ಬಂದರೆ ಡಿಸೆಂಬರ್ 1ರವರೆಗೆ ಕಾಯಬೇಕು. ಐದು ದಿನದ ವ್ಯತ್ಯಾಸಕ್ಕೆ ಒಂದು ಪೂರ್ತಿ ತಿಂಗಳು ಮುಂದಕ್ಕೆ ಹೋಗುತ್ತದೆ. ಇನ್ನೊಂದು ಮಾತು: ಕಾಯುವ ಅವಧಿ ಮುಗಿಯಲಿ, ಆಮೇಲೆ ಅರ್ಜಿ ಹಾಕೋಣ ಎಂದು ಅನೇಕ ಮಕ್ಕಳು ಸುಮ್ಮನಿರುತ್ತಾರೆ. ಹಾಗೆ ಮಾಡಬಾರದು. ಬಂದ ವಾರವೇ ಅರ್ಜಿ ಹಾಕಬೇಕು. ತಡವಾದರೆ ತಾತ್ಕಾಲಿಕ ವಿಮೆ ಮುಗಿದು, ಎಂಎಸ್‌ಪಿಯೂ ಕೈಗೆ ಬಾರದೆ, ನಡುವೆ ಯಾವ ರಕ್ಷಣೆಯೂ ಇಲ್ಲದ ದಿನಗಳು ಬಂದುಬಿಡುತ್ತವೆ.

ಅಂಥ ದಿನಗಳಿಗೆ ನಾನು ಯಾಕಿಷ್ಟು ಹೆದರುತ್ತೇನೆ ಅಂದರೆ, ನಮ್ಮೂರಿನ ಹಾಗೆ ಮುನ್ನೂರೋ ಐನೂರೋ ಕೊಟ್ಟು ಡಾಕ್ಟರನ್ನು ಕಂಡು ಬರುವ ಊರಲ್ಲ ಇದು. ವಿಮೆಯಿಲ್ಲದವರು ತುರ್ತು ಚಿಕಿತ್ಸೆಯ ವಿಭಾಗಕ್ಕೆ ಹೋಗಿ ಬಂದರೆ ಬಿಲ್ಲು ಸಾವಿರ ಡಾಲರ್ ದಾಟಬಹುದು. ಅಡ್ಮಿಟ್ ಆದರೆ ದಿನಕ್ಕೇ ಹಲವು ಸಾವಿರ. ಅಪೆಂಡಿಕ್ಸ್ ನೋವಾಗಲಿ, ಮಂಜಿನಲ್ಲಿ ಜಾರಿ ಮೂಳೆ ಮುರಿಯುವುದಾಗಲಿ, ಎಂಎಸ್‌ಪಿ ಬರುವವರೆಗೆ ಕಾಯುವುದಿಲ್ಲ. ಆದ್ದರಿಂದ ತಾತ್ಕಾಲಿಕ ವಿಮೆಯ ಆ ಮೂರು ತಿಂಗಳ ಶುಲ್ಕವನ್ನು ದಂಡವೆಂದು ಎಣಿಸಬೇಡಿ.

ಇನ್ನು ಪಟ್ಟಿಯಲ್ಲಿರುವ ಎರಡನೆಯ ಬಾಬತ್ತು. ಅದು ವಿದ್ಯಾರ್ಥಿ ಸಂಘಗಳು ನಡೆಸುವ ಆರೋಗ್ಯ ಮತ್ತು ದಂತ ಯೋಜನೆ. ಎಂಎಸ್‌ಪಿ ಡಾಕ್ಟರ ಭೇಟಿ ಮತ್ತು ಆಸ್ಪತ್ರೆಯ ಖರ್ಚು ನೋಡಿಕೊಳ್ಳುತ್ತದೆ. ಅಂಗಡಿಯಲ್ಲಿ ಕೊಳ್ಳುವ ಮಾತ್ರೆ, ಹಲ್ಲು, ಕನ್ನಡಕದ ಖರ್ಚಿಗೆ ಈ ಯೋಜನೆ ನೆರವಾಗುತ್ತದೆ. ಹಾಗಿದ್ದರೂ ಹಲ್ಲಿನ ಕೆಲಸವೇನಾದರೂ ಬಾಕಿ ಇದ್ದರೆ ಊರಲ್ಲೇ ಮುಗಿಸಿ ಕಳಿಸಿ, ಒಂದು ಜೊತೆ ಹೆಚ್ಚುವರಿ ಕನ್ನಡಕ ಕೊಡಿಸಿ. ಥೈರಾಯ್ಡ್, ಉಬ್ಬಸದಂಥ ಹಳೆಯ ತೊಂದರೆಯಿದ್ದರೆ ಡಾಕ್ಟರ ಚೀಟಿಯ ಜೊತೆಗೆ ಮೊದಲ ತಿಂಗಳುಗಳಿಗೆ ಸಾಕಾಗುವ ಔಷಧಿ ಬ್ಯಾಗಿನಲ್ಲಿರಲಿ. ತಾತ್ಕಾಲಿಕ ವಿಮೆಗಳು ಸಾಮಾನ್ಯವಾಗಿ ಹಠಾತ್ತನೆ ಬರುವ ಕಾಯಿಲೆ, ಅಪಘಾತಗಳಿಗೆಂದೇ ಇರುವಂಥವು. ಮೊದಲಿನಿಂದ ಇರುವ ಕಾಯಿಲೆಗೆ ಷರತ್ತುಗಳಿರುತ್ತವೆ. ಆ ಷರತ್ತುಗಳ ಪುಟವನ್ನು ಮಗಳೊಂದಿಗೆ ಕೂತು ಓದಿ.

ಮೂರನೆಯದು ಸರ್ಕಾರದ ಶುಲ್ಕ. ಎಂಎಸ್‌ಪಿ ಶುರುವಾದ ಮೇಲೆ ವಿದೇಶಿ ವಿದ್ಯಾರ್ಥಿಗಳು ತಿಂಗಳಿಗೆ 75 ಡಾಲರ್ ಕಟ್ಟಬೇಕೆಂಬುದು 2020ರಲ್ಲಿ ಜಾರಿಗೆ ಬಂದ ದರ. ಡಾಲರಿಗೆ 60 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 54,000 ರೂಪಾಯಿ ಆಯಿತು. ಇದರ ಬಗ್ಗೆ ನನ್ನ ಮನಸ್ಸಿನಲ್ಲಿರುವುದನ್ನೂ ಹೇಳಿಬಿಡುತ್ತೇನೆ. 2020ರ ಜನವರಿ 1ರಂದು ಇಲ್ಲಿನ ನಾಗರಿಕರಿಗೂ ಕಾಯಂ ನಿವಾಸಿಗಳಿಗೂ ಎಂಎಸ್‌ಪಿ ಕಂತು ಪೂರ್ತಿ ರದ್ದಾಯಿತು. ಅದೇ ದಿನ ವಿದೇಶಿ ವಿದ್ಯಾರ್ಥಿಗಳ ಶುಲ್ಕ 37.50 ಡಾಲರಿನಿಂದ ಎರಡರಷ್ಟಾಯಿತು. ಒಂದೇ ಬೆಂಚಿನಲ್ಲಿ ಕೂತು ಪಾಠ ಕೇಳುವ ಇಬ್ಬರಲ್ಲಿ ಒಬ್ಬರಿಗೆ ಇಲ್ಲದ ಶುಲ್ಕ ಇನ್ನೊಬ್ಬರಿಗೆ ಇದೆ. ಆ ಇನ್ನೊಬ್ಬರು ಆಗಲೇ ಹಲವು ಪಟ್ಟು ಹೆಚ್ಚಿನ ಬೋಧನಾ ಶುಲ್ಕ ಕೊಟ್ಟಿರುತ್ತಾರೆ, ದುಡಿದರೆ ತೆರಿಗೆಯನ್ನೂ ಕಟ್ಟುತ್ತಾರೆ. ಇದು ನ್ಯಾಯವಲ್ಲ ಎಂದು ವಿದ್ಯಾರ್ಥಿ ಸಂಘಗಳು ದನಿ ಎತ್ತಿವೆ. ನಾನೂ ಅವರ ಪರ.

ಇಷ್ಟಾದರೂ ಸರ್ಕಾರಿ ಯೋಜನೆಯೊಳಗೆ ಸೇರಿಸಿಕೊಳ್ಳುವ ಈ ಪ್ರಾಂತ್ಯದ ಪದ್ಧತಿಯನ್ನು ನಾನು ಗೌರವಿಸುತ್ತೇನೆ. ಒಂಟಾರಿಯೊ 1994ರಲ್ಲೇ ವಿದೇಶಿ ವಿದ್ಯಾರ್ಥಿಗಳನ್ನು ತನ್ನ ಯೋಜನೆಯಿಂದ ಕೈಬಿಟ್ಟಿತು. ಮ್ಯಾನಿಟೋಬಾ 2018ರಲ್ಲಿ ಕೈಬಿಟ್ಟಿತು. ಬ್ರಿಟನ್ನಿನಲ್ಲಂತೂ ವೀಸಾ ಅರ್ಜಿಯ ಜೊತೆಗೇ ಆರೋಗ್ಯ ಶುಲ್ಕವನ್ನು ಮುಂಗಡವಾಗಿ ವಸೂಲು ಮಾಡುತ್ತಾರೆ. 2024ರ ಫೆಬ್ರವರಿಯಿಂದ ವಿದ್ಯಾರ್ಥಿಗಳಿಗೆ ಅದು ವರ್ಷಕ್ಕೆ 776 ಪೌಂಡ್. ನಿಮ್ಮ ಪರಿಚಯದವರ ಮಕ್ಕಳು ಬೇರೆ ಊರಿಗೆ ಹೊರಟಿದ್ದರೆ ಅಲ್ಲಿನ ನಿಯಮವನ್ನೇ ವಿಚಾರಿಸಲು ಹೇಳಿ. ಒಂದೇ ದೇಶವಾದರೂ ಪ್ರಾಂತ್ಯ ಬದಲಾದರೆ ಲೆಕ್ಕ ಬದಲಾಗುತ್ತದೆ.

ಶುಲ್ಕಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಮಕ್ಕಳ ಸಂಕೋಚ. ದುಡ್ಡು ಕಟ್ಟಿರುತ್ತಾರೆ, ಕಾರ್ಡೂ ಇರುತ್ತದೆ. ಆದರೂ ಖರ್ಚಾದೀತು, ಅಪ್ಪನಿಗೆ ಭಾರವಾದೀತು ಎಂದು ಜ್ವರ ಬಂದರೆ ಮಾತ್ರೆ ನುಂಗಿ ಮಲಗಿಬಿಡುತ್ತಾರೆ. ಮನಸ್ಸು ಕುಗ್ಗಿದರೂ ಯಾರಿಗೂ ಹೇಳುವುದಿಲ್ಲ. ಮಗಳಿಗೆ ಕೆಲವು ಸಂಗತಿಗಳು ಹೊರಡುವ ಮೊದಲೇ ಗೊತ್ತಿರಲಿ. ಇಲ್ಲಿ 811ಕ್ಕೆ ಫೋನ್ ಮಾಡಿದರೆ ಹಗಲಿರುಳು ನರ್ಸೊಬ್ಬರು ಮಾತಿಗೆ ಸಿಗುತ್ತಾರೆ, ಅದು ಉಚಿತ. ಕ್ಯಾಂಪಸ್ಸಿನಲ್ಲೇ ವಿದ್ಯಾರ್ಥಿಗಳ ಆರೋಗ್ಯ ಕೇಂದ್ರವಿದೆ, ಆಪ್ತ ಸಮಾಲೋಚನೆಯೂ ಉಂಟು. ತಾತ್ಕಾಲಿಕ ವಿಮೆಯ ಕಾಲದಲ್ಲಿ ಕೆಲವು ಕ್ಲಿನಿಕ್ಕಿನವರು ಮೊದಲು ಹಣ ಕೇಳಬಹುದು. ಕೊಟ್ಟು, ರಸೀದಿ ಇಟ್ಟುಕೊಂಡು ಕ್ಲೇಮ್ ಮಾಡಿದರಾಯಿತು. ಆಂಬುಲೆನ್ಸಿಗೆ ಎಂಎಸ್‌ಪಿ ಇದ್ದವರೂ 80 ಡಾಲರ್ ಕೊಡಬೇಕಾಗುತ್ತದೆ. ಆ ಹಣಕ್ಕೆ ಹೆದರಿ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡದೆ ಕೂರಬಾರದು.

ಈ ಧೈರ್ಯವನ್ನು ವಿಶ್ವವಿದ್ಯಾಲಯ ಕೊಡಲಾರದು, ನೀವೇ ಕೊಡಬೇಕು. ಏರ್‌ಪೋರ್ಟಿಗೆ ಹೊರಡುವ ಗಡಿಬಿಡಿಯಲ್ಲಿ ಅಲ್ಲ, ಅದಕ್ಕೂ ಮೊದಲೇ ಒಂದು ದಿನ ನಿಧಾನವಾಗಿ ಕೂರಿಸಿಕೊಂಡು ಹೇಳಿ: “ಮೈ ಹುಷಾರಿಲ್ಲ ಅನ್ನಿಸಿದರೆ ಮೊದಲು ಡಾಕ್ಟರ ಹತ್ತಿರ ಹೋಗಮ್ಮ. ದುಡ್ಡಿನ ಲೆಕ್ಕ ಆಮೇಲೆ ನಾವು ನೋಡಿಕೊಳ್ಳುತ್ತೇವೆ.”

ಮನೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ, ಮಗಳಿಗೆ ಶುಭ ಹಾರೈಕೆ. ಬಂದಿಳಿದ ದಿನ ಫೋನ್ ಮಾಡಲು ಹೇಳಿ. ಎಂಎಸ್‌ಪಿ ಅರ್ಜಿಯನ್ನು ನಮ್ಮ ಮನೆಯಲ್ಲೇ ಕೂತು ತುಂಬಿಸೋಣ.

ಇಂತಿ ನಿಮ್ಮ ವಿಶ್ವಾಸಿ